ವೀಸಾ ಹತ್ತು ವರ್ಷದ್ದು, ಇರೋಕೆ ಬಿಟ್ಟಿದ್ದು ಆರೇ ತಿಂಗಳು

ಹೋದ ವರ್ಷ ಆಗಸ್ಟ್ 3, ಭಾನುವಾರ. ರಾತ್ರಿ ಎಂಟೂವರೆಗೆ ನ್ಯೂಜೆರ್ಸಿಯಿಂದ ವಿಡಿಯೋ ಕಾಲ್. ಅಲ್ಲಿ ಬೆಳಗ್ಗೆ ಹನ್ನೊಂದು. ತಂಗಿಯ ಮಗು ಅಮ್ಮನ ತೊಡೆ ಮೇಲೆ ಕೂತು ಅವರ ಕರಿಮಣಿ ಸರ ಎಳೀತಿತ್ತು. ಹಿಂದೆ ಒಲೆ ಮೇಲೆ ಒಗ್ಗರಣೆ ಸದ್ದು. ಎಲ್ಲ ಮಾಮೂಲಿ ಭಾನುವಾರದ ಹಾಗೇ ಇತ್ತು.

"ಅಮ್ಮ, ಆಗಸ್ಟ್ 28ಕ್ಕಲ್ವಾ ನಿನ್ನ ಫ್ಲೈಟು? ಏರ್‌ಪೋರ್ಟಿಗೆ ನಾನೇ ಬರ್ತೀನಿ" ಅಂದೆ. ಹಾಗೆ ಹೇಳ್ತಾ ಮನಸ್ಸಿನಲ್ಲೇ ಒಂದು ಲೆಕ್ಕ ಓಡಿತು. ಅಮ್ಮ ಹೋಗಿದ್ದು ಫೆಬ್ರವರಿ 16ಕ್ಕೆ. ಅಲ್ಲಿಂದ ಆಗಸ್ಟ್ 28 ಅಂದ್ರೆ ಆರು ತಿಂಗಳು ದಾಟುತ್ತಲ್ಲ?

"ಅಮ್ಮಂದು ಐ-94 ಯಾವತ್ತಿನವರೆಗೆ ಇದೆ?" ಅಂತ ತಂಗಿ ಗಂಡನನ್ನು ಕೇಳಿದೆ.

"ಏನೂ ತೊಂದ್ರೆ ಇಲ್ಲ ಅಕ್ಕ, ವೀಸಾ 2033ರವರೆಗೂ ಇದೆ" ಅಂದರು ಅವರು.

ಅಲ್ಲಿಗೆ ನನ್ನ ಊಟ ಗಂಟಲಲ್ಲೇ ನಿಂತಿತು.

ಈ ಅಂಕಣ ಓದುವವರಿಗೆ ಗೊತ್ತು, ನಾನು ಕೆಲಸ ಮಾಡೋದು ಬೆಂಗಳೂರಿನ ಒಂದು ಕಂಪನಿಯ ಟ್ರಾವೆಲ್ ಡೆಸ್ಕಿನಲ್ಲಿ. ಯಾರು ಯಾವ ದೇಶಕ್ಕೆ ಹೋಗ್ತಾರೆ, ಎಷ್ಟು ದಿನ ಇರ್ತಾರೆ, ಯಾವ ತಾರೀಕಿಗೆ ಹೊರಡ್ಬೇಕು ಅಂತ ದಿನವಿಡೀ ನೋಡೋದೇ ನನ್ನ ಕೆಲಸ. ಆಫೀಸಿನ ಮುನ್ನೂರು ಜನರ ತಾರೀಕು ನೋಡುವ ನಾನು ನಮ್ಮಮ್ಮನ ತಾರೀಕು ನೋಡಿರಲಿಲ್ಲ. ಟಿಕೆಟ್ ತೆಗೆದಿದ್ದು ಅವರು, ಅಷ್ಟೆಲ್ಲ ಓದಿದವರು, ನೋಡಿಯೇ ಇರ್ತಾರೆ ಅಂದುಕೊಂಡಿದ್ದೆ. ಅಕ್ಕ ಟ್ರಾವೆಲ್ ಡೆಸ್ಕಿನಲ್ಲೇ ಇದ್ದಾಳೆ, ತಪ್ಪಿದ್ರೆ ಹೇಳ್ತಾಳೆ ಅಂತ ಅವರು ಅಂದುಕೊಂಡಿದ್ದರು.

ಎರಡು ತಾರೀಕು, ಎರಡು ಅರ್ಥ

ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ಅಮೆರಿಕದ ವೀಸಾದ ಮೇಲೆ ಒಂದು ಕೊನೆ ತಾರೀಕು ಇರುತ್ತೆ. ಅದು ಬಾಗಿಲು ತಟ್ಟಲು ಇರುವ ಗಡುವು. ಆ ತಾರೀಕಿನವರೆಗೆ ನೀವು ಅಮೆರಿಕದ ವಿಮಾನ ನಿಲ್ದಾಣಕ್ಕೆ ಹೋಗಿ 'ಒಳಗೆ ಬರಬಹುದಾ' ಅಂತ ಕೇಳಬಹುದು, ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅನ್ನೋದನ್ನು ತೀರ್ಮಾನ ಮಾಡೋದು ಕೌಂಟರಿನಲ್ಲಿ ಕೂತ ಅಧಿಕಾರಿ. ಆ ತಾರೀಕು ದಾಖಲಾಗೋದು ಐ-94ರಲ್ಲಿ. ಮಕ್ಕಳನ್ನು ನೋಡೋಕೆ ಹೋಗುವ ಅಪ್ಪ ಅಮ್ಮಂದಿರಿಗೆ ಸಾಮಾನ್ಯವಾಗಿ ಆರು ತಿಂಗಳು ಕೊಡ್ತಾರೆ.

ಹಿಂದೆ ಐ-94 ಅಂದ್ರೆ ಪಾಸ್‌ಪೋರ್ಟಿಗೆ ಪಿನ್ ಹೊಡೆದ ಬಿಳಿ ಚೀಟಿ. ಕಣ್ಣಿಗೆ ಕಾಣ್ತಿತ್ತು. 2013ರಿಂದ ವಿಮಾನದಲ್ಲಿ ಹೋಗುವವರಿಗೆ ಅದು ಕಂಪ್ಯೂಟರ್ ದಾಖಲೆಯಾಯಿತು. ಅಮೆರಿಕದ ಕಸ್ಟಮ್ಸ್ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ನಂಬರ್ ಹಾಕಿದ್ರೆ ತೋರಿಸುತ್ತೆ. ಪೂರ್ತಿ ಉಚಿತ. ನೋಡಿಕೊಡ್ತೀವಿ ಅಂತ ದುಡ್ಡು ಕೇಳುವ ಸೈಟ್ ಸಿಕ್ಕಿದ್ರೆ ಮುಚ್ಚಿಬಿಡಿ.

ಆ ರಾತ್ರಿ ಫೋನಿನಲ್ಲೇ ನೋಡಿದೆವು. ಅಮ್ಮನ ತಾರೀಕು ಆಗಸ್ಟ್ 15.

ಟಿಕೆಟ್ ಆಗಸ್ಟ್ 28ಕ್ಕೆ. ಮಗುವಿನ ಡೇಕೇರ್ ಶುರುವಾಗೋದು ಸೆಪ್ಟೆಂಬರ್ 2ಕ್ಕೆ. ಅದಕ್ಕೇ ಅವರು ಅಷ್ಟು ಲೆಕ್ಕ ಹಾಕಿ ಆ ತಾರೀಕಿಗೆ ಬುಕ್ ಮಾಡಿದ್ದರು. ಹದಿಮೂರು ದಿನ ಹೆಚ್ಚಾಗ್ತಿತ್ತು.

"ಹದಿಮೂರು ದಿನ ತಾನೇ, ಯಾರು ನೋಡ್ತಾರೆ?"

ಈ ಮಾತು ಮೊದಲು ಬಂದಿದ್ದು ಅಲ್ಲಿನ ಪಕ್ಕದ ಮನೆ ಅಂಕಲ್‌ ಬಾಯಿಂದ. "ಹೊರಗೆ ಹೋಗುವಾಗ ಅಮೆರಿಕದಲ್ಲಿ ಯಾರೂ ಪಾಸ್‌ಪೋರ್ಟಿಗೆ ಸೀಲ್ ಹಾಕಲ್ಲ. ನಮ್ಮ ಕಡೆಯವರು ಎಷ್ಟೋ ಜನ ಹಾಗೇ ಹೋಗಿದ್ದಾರೆ" ಅಂದರಂತೆ.

ಸೀಲ್ ಹಾಕಲ್ಲ ಅನ್ನೋದು ನಿಜ. ನಮ್ಮ ಕೆಂಪೇಗೌಡ ನಿಲ್ದಾಣದಲ್ಲಿ ಹೊರಡುವಾಗ ಇಮಿಗ್ರೇಷನ್ ಸಾಲು ಇರುತ್ತಲ್ಲ, ಹಾಗೆ ಅಲ್ಲಿ ಇಲ್ಲ. ಆದ್ರೆ ಯಾರೂ ನೋಡಲ್ಲ ಅನ್ನೋದು ಸುಳ್ಳು. ಯಾರು ಯಾವ ವಿಮಾನ ಹತ್ತಿದರು ಅನ್ನೋ ಪಟ್ಟಿಯನ್ನು ಏರ್‌ಲೈನ್‌ನವರೇ ಸರ್ಕಾರಕ್ಕೆ ಕಳಿಸ್ತಾರೆ. ಐ-94 ಸಿಗುವ ಅದೇ ವೆಬ್‌ಸೈಟಿನಲ್ಲಿ ನಿಮ್ಮ ಬಂದು ಹೋದ ತಾರೀಕುಗಳ ಪಟ್ಟಿಯೂ ಸಿಗುತ್ತೆ. ನಮಗೇ ಕಾಣುತ್ತೆ ಅಂದ್ಮೇಲೆ ಅವರಿಗೆ ಕಾಣಲ್ವಾ?

ಅಲ್ಲಿನ ಕಾನೂನು ಸ್ಥೂಲವಾಗಿ ಹೀಗಿದೆ. ಕೊಟ್ಟ ತಾರೀಕಿಗಿಂತ ಒಂದೇ ದಿನ ಹೆಚ್ಚಿದ್ದರೂ, ಯಾವ ವೀಸಾದ ಮೇಲೆ ಒಳಗೆ ಬಂದಿರೋ ಅದು ತಾನಾಗಿಯೇ ರದ್ದು. ಸ್ಟಿಕ್ಕರಿನ ಮೇಲೆ 2033 ಅಂತ ಇದ್ದರೂ ಅಷ್ಟೇ. ಮತ್ತೆ ಸ್ವಂತ ದೇಶಕ್ಕೆ ಬಂದು ಹೊಸದಾಗಿ ಅರ್ಜಿ ಹಾಕ್ಬೇಕು. 180 ದಿನ ಮೀರಿ, ಒಂದು ವರ್ಷದೊಳಗೆ ತಾನಾಗಿ ಹೊರಟರೆ 3 ವರ್ಷ ಒಳಗೆ ಬಿಡಲ್ಲ. ಒಂದು ವರ್ಷ ಅಥವಾ ಹೆಚ್ಚು ಉಳಿದು ಹೊರಟರೆ 10 ವರ್ಷ. ಈ 3 ಮತ್ತು 10ರ ನಿಯಮ ಬಂದಿದ್ದು 1996ರ ಕಾಯ್ದೆಯಿಂದ.

ಹದಿಮೂರು ದಿನಕ್ಕೆ ಅಮ್ಮನಿಗೆ ನಿಷೇಧ ಬರ್ತಿರಲಿಲ್ಲ. ವೀಸಾ ಮಾತ್ರ ಹೋಗ್ತಿತ್ತು. ಅದು ಗೊತ್ತಾಗ್ತಿದ್ದಿದ್ದು ಯಾವಾಗ? ಮುಂದಿನ ಸಲ ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಅಂತ ಸೂಟ್‌ಕೇಸ್ ತುಂಬ ಚಕ್ಕುಲಿ, ಹುಣಸೆಹಣ್ಣು, ಬೆಳ್ಳಿ ಗೆಜ್ಜೆ ಇಟ್ಟುಕೊಂಡು ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಕೌಂಟರ್ ಮುಂದೆ ನಿಂತಾಗ. ಇಂಗ್ಲಿಷ್ ಸರಿಯಾಗಿ ಬರದ ಅರವತ್ತಮೂರು ವರ್ಷದ ಹೆಂಗಸು, ಒಬ್ಬರೇ. ಅದನ್ನು ನೆನೆಸಿಕೊಂಡೇ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಸ ಅರ್ಜಿ ಹಾಕಿದ್ರೂ, ವೀಸಾ ಫಾರಂನಲ್ಲಿ 'ಹಿಂದೆ ಅವಧಿ ಮೀರಿ ಉಳಿದಿದ್ದೀರಾ' ಅನ್ನೋ ಪ್ರಶ್ನೆ ಇದ್ದೇ ಇರುತ್ತೆ. ಹೌದು ಅಂದ್ರೆ ವಿವರಣೆ ಕೊಡ್ಬೇಕು. ಇಲ್ಲ ಅಂದ್ರೆ ಅದು ಸುಳ್ಳು ಹೇಳಿಕೆ, ಹದಿಮೂರು ದಿನಕ್ಕಿಂತ ದೊಡ್ಡ ತಪ್ಪು.

ನಮ್ಮ ಮುಂದೆ ಇದ್ದಿದ್ದು ಎರಡೇ ದಾರಿ

ಒಂದು, ಆಗಸ್ಟ್ 15ರೊಳಗೆ ಅವಧಿ ವಿಸ್ತರಣೆಗೆ ಅರ್ಜಿ. ಅದಕ್ಕೆ ಐ-539 ಅನ್ನೋ ಫಾರಂ ಇದೆ. ನಾವು ನೋಡಿದಾಗ ಆನ್‌ಲೈನ್ ಅರ್ಜಿಯ ಶುಲ್ಕ 420 ಡಾಲರ್. ಐ-94 ಮುಗಿಯೋಕೆ 45 ದಿನ ಮೊದಲೇ ಹಾಕಿ ಅಂತ ಇಲಾಖೆಯೇ ಹೇಳುತ್ತೆ. ನಮ್ಮ ಹತ್ರ ಇದ್ದಿದ್ದು 12 ದಿನ. ಗಡುವಿಗೆ ಮುಂಚೆ ಸರಿಯಾದ ಕಾರಣ ಕೊಟ್ಟು ಅರ್ಜಿ ಹಾಕಿದ್ರೆ, ಅದು ಬಾಕಿ ಇರುವ ದಿನಗಳನ್ನು ಅಕ್ರಮ ವಾಸ ಅಂತ ಲೆಕ್ಕ ಹಿಡಿಯಲ್ಲ. ಆದ್ರೆ ಏಕೆ ಇರ್ಬೇಕು, ಖರ್ಚು ಯಾರದ್ದು, ಖಂಡಿತ ವಾಪಸ್ ಹೋಗ್ತಾರೆ ಅನ್ನೋಕೆ ಏನು ಆಧಾರ ಅನ್ನೋದನ್ನೆಲ್ಲ ತೋರಿಸ್ಬೇಕು. ಉತ್ತರ ಬರೋಕೆ ತಿಂಗಳುಗಳೇ ಹಿಡೀಬಹುದು.

ಎರಡು, ಟಿಕೆಟ್ ಮುಂದಕ್ಕೆ ತಂದು 15ರೊಳಗೆ ಹೊರಡೋದು.

ಅಮ್ಮನಿಗೆ ಪರಿಸ್ಥಿತಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ಮಗೂನ ಆ ಎರಡು ವಾರ ಯಾರು ನೋಡ್ಕೋತಾರೆ?"

ತಂಗಿ ಅತ್ತಳು. ಬಾಣಂತನ ಮುಗಿದು ಕೆಲಸಕ್ಕೆ ಸೇರಿ ಅವಳಿಗೆ ಇನ್ನೂ ತಿಂಗಳಾಗಿತ್ತು. ರಜೆ ಎಲ್ಲ ಖಾಲಿ. "ಅರ್ಜಿ ಹಾಕೋಣ ಅಮ್ಮ, ಅದು ಕಾನೂನುಬದ್ಧವಾಗಿಯೇ ಇದೆಯಲ್ಲ" ಅಂದಳು. ಅವಳು ಹೇಳಿದ್ದು ತಪ್ಪಲ್ಲ. ನಿಜವಾದ ಕಾರಣ ಇದ್ದವರು, ಆಪರೇಷನ್ ಆದವರು, ವಿಮಾನ ಹತ್ತಬೇಡಿ ಅಂತ ಡಾಕ್ಟರ್ ಹೇಳಿದವರು ಆ ದಾರಿಯನ್ನೇ ಹಿಡೀಬೇಕು, ಸಾಧ್ಯವಾದ್ರೆ ಇಮಿಗ್ರೇಷನ್ ವಕೀಲರನ್ನು ಕೇಳಿಕೊಂಡು.

ಅಮ್ಮ ಒಪ್ಪಲಿಲ್ಲ. "ಮಗು ನೋಡ್ಕೊಳ್ಳೋಕೆ ಇರ್ತೀನಿ ಅಂತ ಬರೆದ್ರೆ, ಇವಳು ಕೆಲಸಕ್ಕೆ ಬಂದಿದ್ದಾಳೆ ಅನ್ನಲ್ವಾ ಅವರು? ನಿಮ್ಮಪ್ಪನಿಗೂ ಹೋಟೆಲ್ ಊಟ ಸಾಕಾಗಿದೆ. ನಾನು ಬರುವಾಗ ಆರು ತಿಂಗಳು ಅಂತ ಆ ಹುಡುಗನ ಹತ್ರ ತಲೆ ಆಡಿಸಿ ಬಂದಿದ್ದೀನಿ ಕಣೇ. ನಡಿ, ಟಿಕೆಟ್ ಬದಲಾಯಿಸು" ಅಂದರು. 'ಆ ಹುಡುಗ' ಅಂದ್ರೆ ನ್ಯೂವಾರ್ಕ್ ನಿಲ್ದಾಣದ ಇಮಿಗ್ರೇಷನ್ ಅಧಿಕಾರಿ. ಅವನು ಬೆರಳಿನಲ್ಲಿ ಆರು ಅಂತ ತೋರಿಸಿ ಹೇಳಿದ್ದನಂತೆ. ನಮಗೆ ಯಾರಿಗೂ ಅಮ್ಮ ಇದನ್ನು ಹೇಳಿರಲಿಲ್ಲ, ನಾವ್ಯಾರೂ ಕೇಳಿರಲೂ ಇಲ್ಲ.

ಟಿಕೆಟ್ ಬದಲಾವಣೆಗೆ ಮೂವತ್ತೆಂಟು ಸಾವಿರ ಹೋಯಿತು. ತಂಗಿ ಒಂದು ವಾರ, ಅವಳ ಗಂಡ ಒಂದು ವಾರ ಸಂಬಳವಿಲ್ಲದ ರಜೆ ಹಾಕಿದರು. ಆಗಸ್ಟ್ 13ಕ್ಕೆ ಅಮ್ಮ ವಿಮಾನ ಹತ್ತಿದರು.

ಬ್ಯಾಂಕಾಕ್, ಬಾಲಿ, ದುಬೈ, ಪ್ಯಾರಿಸ್: ನಿಮ್ಮ ಸರದಿ

ನಮ್ಮಪ್ಪ ಅಮ್ಮ ಅಮೆರಿಕಕ್ಕೆ ಹೋಗಲ್ಲ, ನಾವೇ ನಾಲ್ಕು ದಿನ ಥಾಯ್ಲೆಂಡಿಗೆ ಹೋಗಿ ಬರ್ತೀವಿ ಅನ್ನೋರಿಗೂ ಈ ಕಥೆ ಇದೆ. ದೇಶ ಬದಲಾದ ಹಾಗೆ ದಂಡದ ರೂಪ ಬದಲಾಗುತ್ತೆ.

ಥಾಯ್ಲೆಂಡ್: ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000 ಬಾತ್. ಇಷ್ಟೇ ತಾನೇ ಅನ್ನಬೇಡಿ. 2016ರಿಂದ ಇರುವ ನಿಯಮದ ಪ್ರಕಾರ 90 ದಿನ ಮೀರಿ ಉಳಿದು ತಾನಾಗಿ ಬಂದು ಹೊರಟರೆ 1 ವರ್ಷ ನಿಷೇಧ. ಒಂದು ವರ್ಷ ಮೀರಿದ್ರೆ 3, ಮೂರು ವರ್ಷ ಮೀರಿದ್ರೆ 5, ಐದು ಮೀರಿದ್ರೆ 10. ಇದು ತಾನಾಗಿ ಬಂದವರಿಗೆ. ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಅವಧಿ ಮೀರಿದ್ದು ಒಂದು ವರ್ಷಕ್ಕಿಂತ ಕಮ್ಮಿ ಇದ್ದರೂ 5 ವರ್ಷ.

ಇಲ್ಲಿ ನಮ್ಮ ಹುಡುಗರು ಎಡವೋದು ಮಧ್ಯರಾತ್ರಿ ಫ್ಲೈಟಿನಲ್ಲಿ. ಬಂದಿಳಿದ ದಿನವೂ ಲೆಕ್ಕಕ್ಕೆ ಸೇರುತ್ತೆ. ಮುದ್ರೆಯಲ್ಲಿ 20ನೇ ತಾರೀಕು ಅಂತ ಇದ್ದು, ಫ್ಲೈಟ್ 21ರ ರಾತ್ರಿ 12.40ಕ್ಕೆ ಇದ್ದು, ನೀವು ಇಮಿಗ್ರೇಷನ್ ದಾಟಿದ್ದು ಹನ್ನೆರಡು ಹೊಡೆದ ಮೇಲೆ ಆದ್ರೆ ಲೆಕ್ಕದಲ್ಲಿ ಅವಧಿ ಮುಗಿದಿದೆ. ಕೌಂಟರ್ ದಾಟುವ ಹೊತ್ತು ಮುಖ್ಯ, ವಿಮಾನ ಹಾರುವ ಹೊತ್ತಲ್ಲ.

ಬಾಲಿ: ಇಂಡೋನೇಷ್ಯಾದಲ್ಲಿ ಇಳಿದ ಮೇಲೆ ಸಿಗುವ ವೀಸಾ 30 ದಿನದ್ದು, ಒಂದು ಸಲ ಇನ್ನೂ 30 ದಿನ ಮುಂದುವರಿಸಬಹುದು. ಮೀರಿದ್ರೆ ದಿನಕ್ಕೆ 10 ಲಕ್ಷ ಇಂಡೋನೇಷ್ಯಾ ರುಪಿಯಾ, ನಮ್ಮ ದುಡ್ಡಲ್ಲಿ ಐದು ಸಾವಿರದ ಆಸುಪಾಸು. ನಾಲ್ಕು ದಿನ ಹೆಚ್ಚಿದ್ರೆ ಬೆಂಗಳೂರಿನ ವಾಪಸ್ ಟಿಕೆಟ್ಟಿನ ದುಡ್ಡು ಅಲ್ಲೇ ಹೋಯ್ತು. 60 ದಿನ ಮೀರಿದ್ರೆ ಗಡೀಪಾರು, ನಿಷೇಧ.

ದುಬೈ: ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್. ಇಲ್ಲಿ ದಂಡಕ್ಕಿಂತ ದೊಡ್ಡ ಅಪಾಯ ಬೇರೆ. ಮಂಗಳೂರು, ಭಟ್ಕಳ, ಉಡುಪಿ ಕಡೆಯಿಂದ ಕೊಲ್ಲಿಗೆ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. 'ವಿಸಿಟ್ ವೀಸಾದಲ್ಲಿ ಹೋಗು, ಕೆಲಸ ಸಿಕ್ಕಿದ ಮೇಲೆ ಬದಲಾಯಿಸ್ತೀವಿ' ಅನ್ನೋ ಏಜೆಂಟ್. ವೀಸಾ ಮುಗಿಯುತ್ತೆ, ಏಜೆಂಟ್ ಫೋನ್ ಎತ್ತಲ್ಲ, ದಂಡ ದಿನಾ ಬೆಳೆಯುತ್ತೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡೋದೇ ಅಲ್ಲಿ ಬೇರೆ ಅಪರಾಧ. ಹಾಗಾಗಿ ಸಂಬಳ ಕೊಡದಿದ್ರೂ ದೂರು ಕೊಡೋಕೆ ಭಯ. 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಅಲ್ಲಿನ ಸರ್ಕಾರ ಕ್ಷಮಾದಾನ ಕೊಟ್ಟಿತ್ತು. ದಂಡವಿಲ್ಲದೆ, ನಿಷೇಧವಿಲ್ಲದೆ ಊರಿಗೆ ಹೋಗಬಹುದಿತ್ತು. ಆದ್ರೆ ಮುಂದಿನ ಕ್ಷಮಾದಾನ ನಂಬಿಕೊಂಡು ಕೂರೋದು ಲಾಟರಿ ನಂಬಿಕೊಂಡು ಸಾಲ ಮಾಡಿದ ಹಾಗೆ.

ಸಿಂಗಾಪುರ: 90 ದಿನ ಮೀರಿ ಉಳಿದು ಸಿಕ್ಕಿಬಿದ್ದವರಿಗೆ 6 ತಿಂಗಳವರೆಗೆ ಜೈಲು, ಜೊತೆಗೆ ಕನಿಷ್ಠ 3 ಛಡಿಯೇಟಿನ ಶಿಕ್ಷೆಗೂ ಕಾನೂನಿನಲ್ಲಿ ಅವಕಾಶ ಇದೆ. ತಮಾಷೆ ಅಲ್ಲ.

ಯೂರೋಪ್: ಷೆಂಗೆನ್ ವೀಸಾದಲ್ಲಿ 'ಇಂಥ ದಿನದಿಂದ ಇಂಥ ದಿನದವರೆಗೆ' ಅಂತ ಒಂದು ಸಾಲು, ಅದರ ಹತ್ತಿರ 'ವಾಸದ ಅವಧಿ' ಅಂತ ಬೇರೆ ಅಂಕಿ. ಜೂನ್ 1ರಿಂದ 25ರವರೆಗೆ ಅಂತ ಇದ್ದು ಅವಧಿ 10 ಅಂತ ಇದ್ರೆ, ನೀವು ಇರಬಹುದಾದದ್ದು ಹತ್ತೇ ದಿನ. ಉಳಿದ ದಿನಗಳು ಫ್ಲೈಟ್ ಹಿಂದೆ ಮುಂದೆ ಆದ್ರೆ ಇರಲಿ ಅಂತ ಕೊಟ್ಟ ಸಡಿಲ. ಹೋದ ದಿನ, ಬಂದ ದಿನ ಎರಡೂ ಲೆಕ್ಕಕ್ಕೆ ಬರುತ್ತೆ. ತುಂಬ ಸಲ ಓಡಾಡುವವರಿಗೆ ಯಾವುದೇ 180 ದಿನದಲ್ಲಿ 90 ದಿನದ ಮಿತಿ. ಮೊದಲು ಸೀಲ್ ನೋಡಿ ಬೆರಳಲ್ಲಿ ಎಣಿಸ್ತಿದ್ದರು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಎಣಿಕೆ ಈಗ ಯಂತ್ರದ್ದು.

ಅಮೆರಿಕದಲ್ಲಿ ಕೆಲಸ ಮಾಡುವವರಿಗೆ ಎರಡು ಮಾತು

ಎಚ್-1ಬಿಯಲ್ಲಿರುವ ಗೆಳೆಯರೇ, ಪ್ರತಿ ಸಲ ಊರಿಂದ ವಾಪಸ್ ಹೋದಾಗ ಐ-94 ತೆಗೆದು ನೋಡಿ. ನಿಮ್ಮ ಅನುಮತಿ ಇನ್ನೂ ಎರಡು ವರ್ಷ ಇದ್ದರೂ, ಪಾಸ್‌ಪೋರ್ಟ್ ಎಂಟು ತಿಂಗಳಲ್ಲಿ ಮುಗಿಯೋದಿದ್ರೆ ಅಧಿಕಾರಿ ಅಲ್ಲಿಯವರೆಗೆ ಮಾತ್ರ ಕೊಟ್ಟಿರಬಹುದು. ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದ ಮಾತ್ರಕ್ಕೆ ಆ ತಾರೀಕು ತಾನಾಗಿ ಮುಂದಕ್ಕೆ ಹೋಗಲ್ಲ.

ಕೆಲಸ ಹೋದ್ರೆ ಹೆಚ್ಚೆಂದರೆ 60 ದಿನ, ಅಷ್ಟರೊಳಗೆ ಐ-94 ಮುಗಿದ್ರೆ ಅಲ್ಲಿಯವರೆಗೆ ಮಾತ್ರ. ಲೇಆಫ್ ಆದ ದಿನ ಮೊದಲು ಲಿಂಕ್ಡ್‌ಇನ್ ತೆರೀತೀವಿ. ಅದರ ಜೊತೆಗೆ ಕ್ಯಾಲೆಂಡರನ್ನೂ ತೆರೀರಿ.

ಸಿಕ್ಕಿಹಾಕಿಕೊಂಡ್ರೆ ಏನು ಮಾಡ್ಬೇಕು?

ಫ್ಲೈಟ್ ರದ್ದಾಗುತ್ತೆ, ಜ್ವರ ಬರುತ್ತೆ, ಪಾಸ್‌ಪೋರ್ಟ್ ಕಳೆಯುತ್ತೆ. ಬೇಕಂತ ಉಳಿಯುವವರು ಬೇರೆ, ಸಿಕ್ಕಿಬೀಳುವವರು ಬೇರೆ. ಆದ್ರೆ ಆ ವ್ಯತ್ಯಾಸವನ್ನು ಕಾಗದದಲ್ಲಿ ತೋರಿಸ್ಬೇಕಾದವರು ನಾವು.

ಅವಧಿ ಮುಗಿಯುವ ಮೊದಲೇ ಆ ದೇಶದ ಇಮಿಗ್ರೇಷನ್ ಕಚೇರಿಗೆ ಹೋಗಿ. ಮುಗಿದ ಮೇಲೆ ಹೋದ್ರೆ ಅರ್ಜಿದಾರರಲ್ಲ, ತಪ್ಪು ಮಾಡಿದವರು. ಫ್ಲೈಟ್ ರದ್ದಾದ್ರೆ ಏರ್‌ಲೈನ್‌ನಿಂದ ಬರಹದಲ್ಲಿ ತಗೊಳ್ಳಿ, ಆಸ್ಪತ್ರೆ ಸೇರಿದ್ರೆ ತಾರೀಕು ಇರುವ ಸರ್ಟಿಫಿಕೇಟ್ ತಗೊಳ್ಳಿ.

ಪಾಸ್‌ಪೋರ್ಟ್ ಕಳೆದ್ರೆ ಮೊದಲು ಅಲ್ಲಿನ ಪೊಲೀಸ್ ದೂರು, ಆಮೇಲೆ ಭಾರತೀಯ ರಾಯಭಾರ ಕಚೇರಿ. ಊರಿಗೆ ಮರಳೋಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ. ಆದ್ರೆ ಬೇರೆ ದೇಶದ ವೀಸಾವನ್ನು ನಮ್ಮ ರಾಯಭಾರ ಕಚೇರಿ ವಿಸ್ತರಿಸೋಕೆ ಆಗಲ್ಲ, ಅದು ಆ ದೇಶದ ಕೆಲಸ. ಏಜೆಂಟ್ ಕೈಕೊಟ್ಟು ಸಿಕ್ಕಿಬಿದ್ದವರಿಗೆ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್ ಇದೆ, ಮನೆಯವರು ಇಲ್ಲಿಂದಲೂ ದೂರು ದಾಖಲಿಸಬಹುದು.

ಟ್ರಾವೆಲ್ ಇನ್ಶೂರೆನ್ಸಿನ ಕೊನೆ ತಾರೀಕೂ ನೋಡಿ. ಅಮ್ಮನದ್ದು 180 ದಿನದ್ದು. ನಾವು ಹಾಕಿದ್ದ ಪ್ಲಾನ್ ಪ್ರಕಾರ ಕೊನೆಯ ಎರಡು ವಾರ ಅವರು ವಿಮೆಯೂ ಇಲ್ಲದೆ ಇರ್ತಿದ್ದರು. ಅರವತ್ತು ದಾಟಿದವರು, ಅಮೆರಿಕದ ಆಸ್ಪತ್ರೆ ಬಿಲ್ಲು. ಮುಂದೆ ಹೇಳ್ಬೇಕಾಗಿಲ್ಲ.

ನಿಯಮ, ದಂಡ ಎಲ್ಲ ಬದಲಾಗ್ತಾ ಇರುತ್ತೆ. ನಾನು ಬರೆದಿದ್ದನ್ನೂ ಸೇರಿಸಿ, ಹೊರಡುವ ವಾರ ಆ ದೇಶದ ಅಧಿಕೃತ ಸೈಟಿನಲ್ಲಿ ಒಂದು ಸಲ ನೋಡಿಕೊಳ್ಳಿ.

ತಿಪಟೂರಿನ ಕ್ಯಾಲೆಂಡರ್

ಅಮ್ಮ ಬಂದ ಮೇಲೆ ಮಗು ನಾಲ್ಕು ದಿನ ಸರಿಯಾಗಿ ಹಾಲು ಕುಡೀಲಿಲ್ಲವಂತೆ. ಅಮ್ಮ ಮಲಗ್ತಿದ್ದ ರೂಮಿನ ಬಾಗಿಲ ಕಡೆ ನೋಡ್ತಾ ಕೂರ್ತಿತ್ತು ಅಂತ ತಂಗಿ ಹೇಳಿದಳು. ಇದನ್ನು ಅಮ್ಮನಿಗೆ ಹೇಳೋದಾ ಬೇಡ್ವಾ ಅಂತ ನಾವಿಬ್ಬರೂ ತುಂಬ ಯೋಚಿಸಿದೆವು. ಹೇಳಲಿಲ್ಲ. ಅಮ್ಮನಿಗೆ ಹೇಗೋ ಗೊತ್ತಾಗಿತ್ತು.

ದಸರಾಕ್ಕೆ ಊರಿಗೆ ಹೋದಾಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನವನ ಲೆಕ್ಕ, ಗ್ಯಾಸ್ ಬಂದ ದಿನದ ಜೊತೆಗೆ ಅಮ್ಮನ ಕೈಬರಹದಲ್ಲಿ ಇನ್ನೊಂದು ಸಾಲು ಇತ್ತು. ಪಾಸ್‌ಪೋರ್ಟ್ ಮುಗಿಯೋದು ಯಾವಾಗ, ವೀಸಾ ಮುಗಿಯೋದು ಯಾವಾಗ, ಕೆಳಗೆ 'ಒಂದು ಸಲಕ್ಕೆ ಆರು ತಿಂಗಳು ಮಾತ್ರ' ಅಂತ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹೋಗ್ಬೇಕು ಅಂತ ಆಗಲೇ ಶುರುವಾಗಿತ್ತು. "ಈ ಸಲ ಎರಡೇ ತಿಂಗಳು. ಟಿಕೆಟ್ ನೀನೇ ತೆಗಿ, ಅವರಿಗೆ ಲೆಕ್ಕ ಬರಲ್ಲ" ಅಂದರು.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯವರು ಯಾರಾದ್ರೂ ಈಗ ಹೊರದೇಶದಲ್ಲಿದ್ರೆ ಫೋನ್ ಮಾಡಿ, ವೀಸಾ ಯಾವಾಗ ಮುಗಿಯುತ್ತೆ ಅಂತ ಕೇಳಬೇಡಿ. 'ಯಾವತ್ತಿನವರೆಗೆ ಇರೋಕೆ ಬಿಟ್ಟಿದ್ದಾರೆ?' ಅಂತ ಕೇಳಿ. ಉತ್ತರ ತಡವರಿಸಿದ್ರೆ, ಫೋನ್ ಇಡೋ ಮುಂಚೆ ಅವರ ಜೊತೆಯಲ್ಲೇ ನೋಡಿ.

ನಿಮ್ಮ ಮನೆಯಲ್ಲೂ ಹೀಗೆ ಕೂದಲೆಳೆಯಲ್ಲಿ ತಪ್ಪಿದ್ದಿದ್ರೆ ಬರೆದು ಕಳಿಸಿ. ಮುಂದಿನ ವಾರ, ಅಪ್ಪ ಅಮ್ಮ ಮೊದಲ ಸಲ ಒಬ್ಬರೇ ವಿಮಾನ ಬದಲಾಯಿಸುವಾಗ ಅವರ ಕೈಯಲ್ಲಿ ಕೊಟ್ಟು ಕಳಿಸ್ಬೇಕಾದ ಒಂದು ಪುಟದ ಚೀಟಿಯ ಬಗ್ಗೆ ಮಾತಾಡೋಣ.